ಕ್ಯಾಡ್‌ನಲ್ಲಿ ಆಕೃತಿ ಮುಚ್ಚುತ್ತಿಲ್ಲವೇ? ತೋಟ, ಕಣ, ಗದ್ದೆಗಳ ನಕ್ಷೆ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ತೋಟದ ನಕ್ಷೆ, ಹೋಂಸ್ಟೇ ಪ್ಲಾನ್, ಅಣ್ಣತಮ್ಮಂದಿರ ಪಾಲಿನ ಸ್ಕೆಚ್‌ಗಳನ್ನು ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನ ನಕ್ಷೆ ತಂತ್ರಾಂಶದಲ್ಲಿ, ಬರೆಯುವವರು ಮತ್ತೆ ಮತ್ತೆ ಸಿಕ್ಕಿಬೀಳುವುದು ಒಂದೇ ಜಾಗದಲ್ಲಿ. ಗೆರೆಗಳೆಲ್ಲ ಕೂಡಿದಂತೆ ಕಾಣುತ್ತವೆ, ಆದರೆ ಹ್ಯಾಚ್ (ಮುಚ್ಚಿದ ಜಾಗದೊಳಗೆ ಹಾಕುವ ಬಣ್ಣ ಅಥವಾ ಗೆರೆವಿನ್ಯಾಸ) ತುಂಬುವುದಿಲ್ಲ. ಹ್ಯಾಚ್ ತುಂಬಿದರೆ ವಿಸ್ತೀರ್ಣ ಪಹಣಿಗೆ ತಾಳೆಯಾಗುವುದಿಲ್ಲ. ವಿಸ್ತೀರ್ಣ ಸರಿ ಬಂದರೆ ಸುತ್ತಳತೆ ತಪ್ಪಿರುತ್ತದೆ. ಪ್ರತಿ ಸಲವೂ ಹ್ಯಾಚ್ ಆಜ್ಞೆಯನ್ನೇ ದೂರುತ್ತಾರೆ. ತಪ್ಪು ಆಗಿರುವುದು ಅದಕ್ಕಿಂತ ನಾಲ್ಕೈದು ಹಂತ ಹಿಂದೆ.

ಪರದೆಯ ಮೇಲೆ ಮುಚ್ಚಿದಂತೆ ಕಾಣುವುದು ಬೇರೆ, ಕಡತದೊಳಗೆ ಮುಚ್ಚಿರುವುದು ಬೇರೆ. ಕ್ಯಾಡ್ ಒಂದು ಆಕೃತಿಯನ್ನು ಮುಚ್ಚಿದ್ದು ಎಂದು ನಂಬಬೇಕಾದರೆ ನಾಲ್ಕು ಷರತ್ತುಗಳಿವೆ: ಅದು ಒಂದೇ ವಸ್ತುವಾಗಿರಬೇಕು, ಪೂರ್ತಿಯಾಗಿ ಒಂದೇ ಸಮತಲದಲ್ಲಿರಬೇಕು, ತನ್ನನ್ನು ತಾನೇ ಎಲ್ಲೂ ದಾಟಬಾರದು, ಕೊನೆಯ ಬಿಂದು ಮೊದಲ ಬಿಂದುವಿಗೆ ಕ್ಲೋಸ್ ಆಯ್ಕೆಯ ಮೂಲಕವೇ ಸೇರಿರಬೇಕು. ಮುಂದಿನ ಹಂತಗಳೆಲ್ಲ ಈ ನಾಲ್ಕನ್ನು ಪೂರೈಸುವುದಕ್ಕಾಗಿ. ದಯವಿಟ್ಟು ಕ್ರಮ ಬದಲಿಸಬೇಡಿ.

ಇಲ್ಲಿರುವ ಆಜ್ಞೆಗಳು ಆಟೋಕ್ಯಾಡ್‌ನವು. ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯೂಕ್ಯಾಡ್‌ಗಳಲ್ಲೂ ಬಹುಮಟ್ಟಿಗೆ ಇವೇ ಹೆಸರುಗಳಿವೆ.

## ಕೂರುವ ಮೊದಲು ಬೇಕಾದವು

ಚಕ್ರವಿರುವ ಮೌಸ್ ಬೇಕೇ ಬೇಕು. ಟಚ್‌ಪ್ಯಾಡ್‌ನಲ್ಲಿ ಹತ್ತಿರಕ್ಕೆ ಹೋಗಿ ಮೂಲೆ ನೋಡಿ ಹಿಂದೆ ಬರುವುದು ಎಷ್ಟು ಬೇಸರದ ಕೆಲಸವೆಂದರೆ ಯಾರೂ ಅದನ್ನು ಮಾಡುವುದೇ ಇಲ್ಲ. ಸಂದುಗಳು ಉಳಿಯುವುದು ಹಾಗೆಯೇ. ಜೊತೆಗೆ ಅಳತೆ ಪುಸ್ತಕ ಅಥವಾ ಟೋಟಲ್ ಸ್ಟೇಷನ್ (ದೂರ, ಕೋನ ಎರಡನ್ನೂ ಅಳೆಯುವ ಸರ್ವೆ ಉಪಕರಣ) ಕೊಟ್ಟ ಬಿಂದುಗಳ ಪಟ್ಟಿ, ಸ್ಥಳದಲ್ಲಿ ಕೈಯಲ್ಲೇ ಬರೆದ ಕಚ್ಚಾ ಸ್ಕೆಚ್, ಒಂದು ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಆಪ್ಷನ್ಸ್‌ನಲ್ಲಿ ತಂತಾನೇ ಉಳಿಸುವ ಅವಧಿ ಮೊದಲಿಗೆ 10 ನಿಮಿಷ ಇರುತ್ತದೆ. ಅದನ್ನು 5ಕ್ಕೆ ಇಳಿಸಿ.

## ಹಂತ 1: ಇಳಿಜಾರಿನ ಅಳತೆಯನ್ನು ಸಮತಲಕ್ಕೆ ತನ್ನಿ

ಬಯಲುಸೀಮೆಯವರು ಈ ಹಂತವನ್ನು ಬಿಟ್ಟರೂ ನಡೆಯಬಹುದು. ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆ ಕಡೆಯ ಇಳಿಜಾರು ತೋಟಗಳಲ್ಲಿ ಬಿಡುವಂತಿಲ್ಲ. ನಕ್ಷೆಯ ವಿಸ್ತೀರ್ಣ ಎಂದರೆ ಮೇಲಿನಿಂದ ನೇರವಾಗಿ ನೋಡಿದಾಗ ಕಾಣುವ ಸಮತಲದ ವಿಸ್ತೀರ್ಣ. ಟೇಪನ್ನು ನೆಲಕ್ಕೆ ಹಾಸಿ ಇಳಿಜಾರಿನಲ್ಲಿ ಅಳೆದ ಉದ್ದ ಯಾವಾಗಲೂ ಅದಕ್ಕಿಂತ ಹೆಚ್ಚು.

ಸೂತ್ರ ಸರಳ: ಇಳಿಜಾರಿನ ಉದ್ದವನ್ನು ಇಳಿಜಾರು ಕೋನದ ಕೊಸೈನ್‌ನಿಂದ ಗುಣಿಸಿ. 20 ಡಿಗ್ರಿ ಇಳಿಜಾರಿನಲ್ಲಿ 30 ಮೀಟರ್ ಅಳೆದಿದ್ದರೆ ನಕ್ಷೆಗೆ ಹೋಗಬೇಕಾದ ಉದ್ದ 30 × 0.9397, ಅಂದರೆ 28.19 ಮೀಟರ್. ಒಂದೇ ಗೆರೆಯಲ್ಲಿ 1.81 ಮೀಟರ್ ವ್ಯತ್ಯಾಸ. ಇಡೀ ತೋಟವೇ 20 ಡಿಗ್ರಿ ವಾಲಿದ್ದರೆ, ಸಮತಲದಲ್ಲಿ 100 ಸೆಂಟ್ ಇರುವ ಜಾಗ ನೆಲದ ಮೇಲಿನ ಅಳತೆಯಲ್ಲಿ 106 ಸೆಂಟ್ ದಾಟುತ್ತದೆ. ನೆರೆಯವರೊಂದಿಗೆ ಜಗಳಕ್ಕೆ ಇಷ್ಟು ಸಾಕು.

ಟೋಟಲ್ ಸ್ಟೇಷನ್ ಅಥವಾ ಡಿಜಿಪಿಎಸ್ (ಹೆಚ್ಚು ನಿಖರವಾದ ಜಿಪಿಎಸ್) ನಿರ್ದೇಶಾಂಕಗಳಿದ್ದರೆ ಈ ಲೆಕ್ಕ ಬೇಡ. ಸಮತಲ ದೂರ ಅವುಗಳಲ್ಲೇ ಅಡಗಿದೆ.

ಎಚ್ಚರಿಕೆಯ ಗುರುತು: ಎದುರುಬದುರು ಬೇಲಿಗಳು ಸ್ಥಳದಲ್ಲಿ ಸಮಾನಾಂತರವಾಗಿದ್ದು, ನಕ್ಷೆಯಲ್ಲಿ ಒಂದು ಕಡೆ ಅಗಲಿಸಿ ಕಂಡರೆ ಇಳಿಜಾರು ತಿದ್ದದ ಅಳತೆ ಒಳಸೇರಿದೆ.

## ಹಂತ 2: ಮಾನ ಮತ್ತು ದಿಕ್ಕು ನಿಗದಿ ಮಾಡಿ

ಯೂನಿಟ್ಸ್ ಆಜ್ಞೆ ಕೊಟ್ಟು ಉದ್ದಕ್ಕೆ ದಶಮಾಂಶ, ನಿಖರತೆಗೆ ಮೂರು ಸ್ಥಾನ, ಮಾನಕ್ಕೆ ಮೀಟರ್ ಆರಿಸಿ. ಅರ್ಧ ಕೆಲಸ ಅಡಿಯಲ್ಲಿ, ಅರ್ಧ ಮೀಟರಿನಲ್ಲಿ ಬೇಡ.

ಕಂಪಾಸ್ ಹಿಡಿದು ಉತ್ತರದಿಂದ ಪ್ರದಕ್ಷಿಣವಾಗಿ ಕೋನ ಬರೆದುಕೊಂಡಿದ್ದರೆ ಇಲ್ಲಿ ಇನ್ನೊಂದು ಕೆಲಸ ಇದೆ. ಕ್ಯಾಡ್ ತಾನಾಗಿ ಪೂರ್ವವನ್ನು ಸೊನ್ನೆ ಎಂದು ಹಿಡಿದು ಅಪ್ರದಕ್ಷಿಣವಾಗಿ ಎಣಿಸುತ್ತದೆ. ಯೂನಿಟ್ಸ್ ಚೌಕದಲ್ಲೇ ಕ್ಲಾಕ್‌ವೈಸ್ ಗುರುತು ಹಾಕಿ, ಡೈರೆಕ್ಷನ್ ಒತ್ತಿ ನಾರ್ತ್ ಆರಿಸಿ. ಆಮೇಲೆ @30<45 (ಹಿಂದಿನ ಬಿಂದುವಿನಿಂದ 30 ಮೀಟರ್, 45 ಡಿಗ್ರಿ) ಎಂದು ಕೊಟ್ಟರೆ 30 ಮೀಟರ್ ಗೆರೆ ನೇರ ಈಶಾನ್ಯಕ್ಕೆ ಹೋಗುತ್ತದೆ. 45 ಡಿಗ್ರಿಯಲ್ಲಿ ಮಾತ್ರ ಪರೀಕ್ಷಿಸಿ ಸಮಾಧಾನಪಡಬೇಡಿ. ಎರಡು ಪದ್ಧತಿಯಲ್ಲೂ ಅದು ಒಂದೇ ಕಡೆ ಬರುತ್ತದೆ. 90 ಕೊಟ್ಟು ನೋಡಿ, ಗೆರೆ ಬಲಕ್ಕೆ ಹೋಗಬೇಕು.

ನಿರ್ದೇಶಾಂಕಗಳಿದ್ದರೆ ಅವುಗಳ ಅನುಕ್ರಮ ನೋಡಿ. ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಸ್ಥಳ ಗುರುತಿಸುವ ಯುಟಿಎಂ ಪದ್ಧತಿಯಲ್ಲಿ ಕೊಡಗು ಪೂರ್ತಿ 43 ಉತ್ತರ ವಲಯದಲ್ಲಿದೆ. ಇಲ್ಲಿ ಈಸ್ಟಿಂಗ್‌ಗೆ (ಪೂರ್ವದ ಕಡೆಗಿನ ಅಳತೆ) ಆರು ಅಂಕೆ, ನಾರ್ತಿಂಗ್‌ಗೆ (ಉತ್ತರದ ಕಡೆಗಿನ ಅಳತೆ) ಏಳು ಅಂಕೆ. ಮಡಿಕೇರಿ ಸುತ್ತ ಈಸ್ಟಿಂಗ್ ಸುಮಾರು 5,80,000, ನಾರ್ತಿಂಗ್ ಸುಮಾರು 13,73,000. ಕ್ಯಾಡ್‌ಗೆ ಈಸ್ಟಿಂಗ್ ಮೊದಲು, ನಾರ್ತಿಂಗ್ ನಂತರ ಕೊಡಬೇಕು. ಅದಲು ಬದಲಾದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿದ ನಕ್ಷೆ ಸಿಗುತ್ತದೆ. ಇದು ಅಪಾಯದ ತಪ್ಪು, ಏಕೆಂದರೆ ವಿಸ್ತೀರ್ಣ, ಸುತ್ತಳತೆ ಎರಡೂ ಸರಿಯಾಗೇ ಬರುತ್ತವೆ. ತೋಡು (ಹಳ್ಳ) ತೋಟದ ಯಾವ ಮಗ್ಗುಲಲ್ಲಿ ಹರಿಯುತ್ತದೆ ಎಂದು ಕಚ್ಚಾ ಸ್ಕೆಚ್‌ಗೆ ಹೋಲಿಸಿ ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ.

## ಹಂತ 3: ಸ್ನ್ಯಾಪ್, ಲೇಯರ್, ಎತ್ತರ

ಎಫ್ 3 ಒತ್ತಿ ಆಬ್ಜೆಕ್ಟ್ ಸ್ನ್ಯಾಪ್ (ಮೌಸನ್ನು ಗೆರೆಯ ನಿಖರ ಬಿಂದುವಿಗೆ ಅಂಟಿಸುವ ಸೌಲಭ್ಯ) ಚಾಲೂ ಮಾಡಿ. ಎಂಡ್‌ಪಾಯಿಂಟ್, ಇಂಟರ್‌ಸೆಕ್ಷನ್, ಸರ್ವೆ ಬಿಂದುಗಳಿಗಾಗಿ ನೋಡ್, ಇಷ್ಟೇ ಸಾಕು. ನಿಯರೆಸ್ಟ್ ತೆಗೆದುಬಿಡಿ. ಅದು ಮೂಲೆಯ ಪಕ್ಕದ ಯಾವುದೋ ಜಾಗಕ್ಕೆ ಅಂಟಿಕೊಂಡು, ಸರಿಯಾಗಿ ಸಿಕ್ಕಿತು ಎಂಬ ಭ್ರಮೆ ಹುಟ್ಟಿಸುತ್ತದೆ. ನಾನು ನೋಡಿದ ಸಂದುಗಳಲ್ಲಿ ಬಹುಪಾಲು ಇದರ ಕೊಡುಗೆ.

ಗಡಿಗೆ ಒಂದು ಪ್ರತ್ಯೇಕ ಲೇಯರ್ (ನಕ್ಷೆಯ ಪದರ) ಮಾಡಿ. ಬೇಲಿ, ರಸ್ತೆ, ಮರ, ಅಳತೆಯ ಅಂಕೆ ಯಾವುದೂ ಅದರೊಳಗೆ ಬರಬಾರದು.

ಎತ್ತರದ ವಿಷಯ ಬೆಟ್ಟದ ನಾಡಿಗೆ ವಿಶೇಷ. ಟೋಟಲ್ ಸ್ಟೇಷನ್ ಬಿಂದುವಿಗೆ ಎತ್ತರವೂ ಇರುತ್ತದೆ. ಲೈನ್ ಆಜ್ಞೆಯಿಂದ ಬಿಂದುವಿನಿಂದ ಬಿಂದುವಿಗೆ ಎಳೆದರೆ ಗೆರೆ ಬೆಟ್ಟ ಹತ್ತಿ ಇಳಿಯುತ್ತದೆ. ಮೇಲಿನಿಂದ ಮಾತ್ರ ಚಪ್ಪಟೆಯಾಗಿ ಕಾಣುತ್ತದೆ. ಇಂಥ ಗೆರೆಗಳನ್ನು ಪಿಎಡಿಟ್ (ಬಿಡಿ ಗೆರೆಗಳನ್ನು ಬೆಸೆಯುವ ಆಜ್ಞೆ) ಕೂಡಿಸುವುದಿಲ್ಲ. ಬರೆಯುವ ಮೊದಲೇ ಆಸ್ನ್ಯಾಪ್‌ಝಡ್ (OSNAPZ) ಎಂದು ಬೆರಳಚ್ಚಿಸಿ ಬೆಲೆ 1 ಕೊಡಿ, ಎಲಿವೇಷನ್ 0 ಇಡಿ. ಆಗ ಸ್ನ್ಯಾಪ್ ಆದ ಪ್ರತಿ ಬಿಂದುವೂ ಸೊನ್ನೆ ಎತ್ತರಕ್ಕೆ ಇಳಿದು ಕೂರುತ್ತದೆ.

## ಹಂತ 4: ಚಿಕ್ಕ ಕಣವೊಂದನ್ನು ಬರೆದು ಕೈ ಪಳಗಿಸಿ

ನೇರವಾಗಿ ಹತ್ತು ಎಕರೆ ತೋಟಕ್ಕೆ ಇಳಿಯಬೇಡಿ. ಮೂಲೆಯೊಂದು ಒಳಸರಿದ ಕಾಫಿ ಕಣವನ್ನು ಬರೆಯಿರಿ. ಉತ್ತರ ಮೊದಲೇ ಗೊತ್ತಿರುವುದರಿಂದ ತಪ್ಪು ತಕ್ಷಣ ಕಾಣುತ್ತದೆ.

ಪಾಲಿಲೈನ್, ಅಂದರೆ ಹಲವು ಬದಿಗಳಿದ್ದೂ ಒಂದೇ ವಸ್ತುವಾಗಿರುವ ಗೆರೆ, ಎಳೆಯಲು ಪಿಲೈನ್ ಆಜ್ಞೆ ಕೊಡಿ: ಪಿ, ಎಲ್ ಎರಡಕ್ಷರ ಒತ್ತಿ ಎಂಟರ್. ನಂತರ ಒಂದೊಂದಾಗಿ, ಪ್ರತಿ ಸಲ ಎಂಟರ್ ಒತ್ತುತ್ತಾ:

0,0
@18,0
@0,12
@-6,0
@0,4
@-12,0

ಈಗ ಆರು ಮೂಲೆಗಳಾದವು. ಆರಂಭದ ಬಿಂದುವಿಗೆ ಹಿಂತಿರುಗುವ 16 ಮೀಟರ್ ಬದಿ ಬಾಕಿ ಇದೆ. ಬಹುತೇಕರು ತಪ್ಪುವುದು ಇಲ್ಲೇ: ಮೌಸ್ ಒಯ್ದು ಮೊದಲ ಬಿಂದುವಿನ ಮೇಲೆ ಕ್ಲಿಕ್ ಮಾಡಿ ಎಂಟರ್ ಒತ್ತುತ್ತಾರೆ. ಹಾಗೆ ಮಾಡದೆ ಸಿ ಅಕ್ಷರ ಒತ್ತಿ ಎಂಟರ್ ಕೊಡಿ. ಕೊನೆಯ ಬದಿಯನ್ನು ಕ್ಯಾಡ್ ತಾನೇ ಎಳೆದು ಬೆಸೆಯುತ್ತದೆ. ಮೊದಲ ಬಿಂದುವಿನ ಮೇಲೆ ಕ್ಲಿಕ್ ಮಾಡಿ ಆಮೇಲೆ ಸಿ ಒತ್ತುವವರೂ ಇದ್ದಾರೆ. ಅದೂ ತಪ್ಪು, ಒಂದೇ ಜಾಗದಲ್ಲಿ ಎರಡು ಬಿಂದು ಉಳಿಯುತ್ತದೆ.

ಲಿಸ್ಟ್ ಆಜ್ಞೆ ಕೊಟ್ಟು ಆಕೃತಿಯನ್ನು ಆರಿಸಿ. ಕ್ಲೋಸ್ಡ್ ಎಂದು ಬರಬೇಕು, ವಿಸ್ತೀರ್ಣ 264, ಸುತ್ತಳತೆ 68. ಸೆಂಟಿಗೆ ತರಲು 40.47ರಿಂದ ಭಾಗಿಸಿದರೆ ಸುಮಾರು 6.52 ಸೆಂಟ್.

ಈಗ ಇನ್ನೊಂದು ಪರೀಕ್ಷೆ. ಅದೇ ಆಕೃತಿಯನ್ನು ಪಕ್ಕದಲ್ಲಿ ಮತ್ತೆ ಬರೆಯಿರಿ, ಆದರೆ ಸಿ ಒತ್ತದೆ ಆರನೆಯ ಮೂಲೆಯಲ್ಲೇ ಎಂಟರ್ ಕೊಟ್ಟು ನಿಲ್ಲಿಸಿ. ಒಂದು ಬದಿಯೇ ಇಲ್ಲದ ಆ ಆಕೃತಿಗೂ ಏರಿಯಾ ಆಜ್ಞೆ 264 ಎಂದೇ ಹೇಳುತ್ತದೆ. ತೆರೆದ ಪಾಲಿಲೈನ್ ಸಿಕ್ಕಿದರೆ ಎರಡು ತುದಿಗಳ ನಡುವೆ ನೇರ ಗೆರೆಯೊಂದಿದೆ ಎಂದು ಭಾವಿಸಿಕೊಂಡು ಅದು ವಿಸ್ತೀರ್ಣ ಲೆಕ್ಕ ಹಾಕುತ್ತದೆ, ಉದ್ದಕ್ಕೆ ಮಾತ್ರ ಆ ಗೆರೆಯನ್ನು ಸೇರಿಸುವುದಿಲ್ಲ. ಆದ್ದರಿಂದ ಉದ್ದ 52 ಎಂದು ಬರುತ್ತದೆ. ವಿಸ್ತೀರ್ಣವೊಂದನ್ನೇ ನೋಡಿ ನಕ್ಷೆ ಕೊಟ್ಟುಬಿಡುವ ಅಭ್ಯಾಸ ಎಷ್ಟು ಅಪಾಯಕಾರಿ ಎಂಬುದು ಈ ಎರಡು ಅಂಕೆಗಳಲ್ಲೇ ಇದೆ.

ಮೂರನೆಯದು ಆಫ್‌ಸೆಟ್, ಅಂದರೆ ಆಕೃತಿಗೆ ಸಮಾನಾಂತರವಾಗಿ ಇನ್ನೊಂದನ್ನು ಎಳೆಯುವ ಆಜ್ಞೆ. ಮುಚ್ಚಿದ ಕಣವನ್ನು 1 ಮೀಟರ್ ಒಳಕ್ಕೆ ಆಫ್‌ಸೆಟ್ ಮಾಡಿ. ಒಳ ಆಕೃತಿಯ ವಿಸ್ತೀರ್ಣ 200, ಸುತ್ತಳತೆ 60 ಬರಬೇಕು. ಮೊದಲ ಬಿಂದುವಿನ ಮೇಲೆ ಕ್ಲಿಕ್ ಮಾಡಿ ಮುಗಿಸಿದ ಆಕೃತಿಗೆ ಇದನ್ನೇ ಮಾಡಿದರೆ ಆರಂಭದ ಮೂಲೆಯಲ್ಲಿ ಗೆರೆಗಳು ಸರಿಯಾಗಿ ಸೇರದೆ ಒಂದನ್ನೊಂದು ದಾಟುತ್ತವೆ. ಕಟ್ಟಡದ ಸುತ್ತ ಬಿಡಬೇಕಾದ ಜಾಗವನ್ನು ಗುರುತಿಸುವಾಗ ಆ ಒಂದು ಮೂಲೆ ಯಾಕೆ ಕೆಡುತ್ತದೆ ಎಂದು ಕೇಳುವವರಿಗೆ ಉತ್ತರ ಇದೇ.

## ಹಂತ 5: ನಿಜವಾದ ಗಡಿ ಬರೆಯುವುದು

ಬಿಂದುಗಳ ಪಟ್ಟಿ ಸ್ಪ್ರೆಡ್‌ಶೀಟಿನಲ್ಲಿದ್ದರೆ ಪ್ರತಿ ಸಾಲಿನಲ್ಲೂ ಎರಡು ಅಂಕೆ, ನಡುವೆ ಅಲ್ಪವಿರಾಮ, ಖಾಲಿ ಜಾಗ ಇಲ್ಲದಂತೆ ಜೋಡಿಸಿ ನಕಲು ಮಾಡಿ. ಎಫ್ 12 ಒತ್ತಿ ಡೈನಮಿಕ್ ಇನ್‌ಪುಟ್ ನಿಲ್ಲಿಸಿ; ಇಲ್ಲದಿದ್ದರೆ ಎರಡನೆಯ ಬಿಂದುವಿನಿಂದ ಮುಂದಕ್ಕೆಲ್ಲ ಹಿಂದಿನದಕ್ಕೆ ಸಾಪೇಕ್ಷವೆಂದು ಹಿಡಿದು ಗೆರೆ ಎಲ್ಲೋ ಹಾರಿಹೋಗಬಹುದು. ಪಿಲೈನ್ ಕೊಟ್ಟು, ಆಜ್ಞೆಯ ಸಾಲಿನಲ್ಲಿ ಅಂಟಿಸಿ. ಗಡಿಯ ಬಿಂದುಗಳು ಸುತ್ತುವ ಕ್ರಮದಲ್ಲೇ ಇರಬೇಕು. ಸರ್ವೆ ಮಾಡುವಾಗ ಕಾಫಿ ಗಿಡಗಳ ಮರೆ ತಪ್ಪಿಸಲು ಆಚೆ ಈಚೆ ಓಡಾಡಿ ಹಿಡಿದ ಬಿಂದುಗಳು ಅದೇ ಕ್ರಮದಲ್ಲಿ ಪಟ್ಟಿಯಾಗಿರುತ್ತವೆ. ಅವನ್ನು ಮೊದಲು ವಿಂಗಡಿಸಿ.

ಟೇಪ್ ಮತ್ತು ಕಂಪಾಸ್ ಅಳತೆಯಾದರೆ ಸಿ ಒತ್ತುವ ಮೊದಲು ಕಡ್ಡಾಯವಾಗಿ ನಿಲ್ಲಿ. ಕೊನೆಯ ಬದಿಯನ್ನೂ ಅಳತೆ ಪುಸ್ತಕದಲ್ಲಿರುವಂತೆಯೇ ಎಳೆಯಿರಿ. ಅದು ಮೊದಲ ಬಿಂದುವಿಗೆ ಬಂದು ತಾಗಬೇಕು. ತಾಗುವುದು ಅಪರೂಪ. ಎಂಟರ್ ಒತ್ತಿ ಹೊರಬಂದು ಡಿಸ್ಟ್ ಆಜ್ಞೆಯಿಂದ ಎರಡರ ನಡುವಿನ ಅಂತರ ನೋಡಿ. ಇದೇ ಮುಚ್ಚುವಿಕೆಯ ದೋಷ.

ಇಲ್ಲಿ ಸಿ ಒತ್ತಿದರೆ ಕ್ಯಾಡ್ ಆ ಅಂತರವನ್ನು ಗಡಿಯ ಇನ್ನೊಂದು ಬದಿಯೆಂಬಂತೆ ಮೌನವಾಗಿ ಎಳೆದುಬಿಡುತ್ತದೆ. ಆಕೃತಿ ಮುಚ್ಚುತ್ತದೆ, ಸ್ಥಳದಲ್ಲಿ ಇಲ್ಲದ ಒಂದು ಮೂಲೆ ಹುಟ್ಟುತ್ತದೆ. ಕೊನೆಯ ಬಿಂದುವನ್ನು ಎಳೆದು ಮೊದಲಿನದಕ್ಕೆ ಅಂಟಿಸುವುದೂ ಅಷ್ಟೇ ಕೆಟ್ಟದ್ದು. ದೋಷವೆಲ್ಲ ಕೊನೆಯ ಒಂದು ಬದಿಯ ಮೇಲೆ ಬೀಳುತ್ತದೆ. 400 ಮೀಟರ್ ಸುತ್ತಳತೆಗೆ 30 ಸೆಂಟಿಮೀಟರ್ ತಪ್ಪಿದ್ದರೆ ಅದನ್ನು ಬೌಡಿಚ್ ನಿಯಮದಂತೆ ಪ್ರತಿ ಬದಿಗೂ ಅದರ ಉದ್ದಕ್ಕೆ ಅನುಗುಣವಾಗಿ ಹಂಚಿ: ಒಟ್ಟು ದೋಷವನ್ನು ಪೂರ್ವಪಶ್ಚಿಮ, ಉತ್ತರದಕ್ಷಿಣ ಎಂದು ಎರಡಾಗಿ ಒಡೆದು, ಬದಿಯ ಉದ್ದವನ್ನು ಸುತ್ತಳತೆಯಿಂದ ಭಾಗಿಸಿದ ಪಾಲಿನಷ್ಟನ್ನು ಆ ಬದಿಯಿಂದ ಕಳೆಯಬೇಕು. ಅಂತರ ಮೀಟರುಗಟ್ಟಲೆ ಇದ್ದರೆ ಹಂಚಲು ಹೋಗಬೇಡಿ. ಯಾವುದೋ ಒಂದು ಬದಿಯನ್ನು ತಪ್ಪಾಗಿ ಬರೆದುಕೊಂಡಿದ್ದೀರಿ. ತಪ್ಪಿದ ಅಂತರ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಸಮಾನಾಂತರವಾಗಿರುವ ಬದಿಯನ್ನು ಮೊದಲು ಅನುಮಾನಿಸಿ, ಸ್ಥಳಕ್ಕೆ ಹೋಗಿ ಅದನ್ನೇ ಮತ್ತೆ ಅಳೆಯಿರಿ.

ಗಡಿ ಕಡಂಗದ (ಹಳೆಯ ಕಂದಕದ) ಉದ್ದಕ್ಕೋ ತೋಡಿನ ಅಂಚಿನಲ್ಲೋ ಹೋಗುತ್ತಿದ್ದರೆ ಬಾಗುವ ಕಡೆಗಳಲ್ಲೆಲ್ಲ ಹತ್ತಿರ ಹತ್ತಿರ ಬಿಂದು ಹಿಡಿದು ನೇರ ಗೆರೆಗಳಿಂದಲೇ ಬರೆಯಿರಿ. ಚೆಂದಕ್ಕಾಗಿ ಸ್ಪ್ಲೈನ್ (ನುಣುಪಾಗಿ ಬಾಗುವ ಗೆರೆ) ಬಳಸಿದರೆ, ಮುಂದೆ ಅದನ್ನು ಪಾಲಿಲೈನ್ ಜೊತೆ ಜಾಯಿನ್ ಮಾಡಿದಾಗ ಇಡೀ ಗಡಿಯೇ ಸ್ಪ್ಲೈನ್ ಆಗಿಬಿಡುತ್ತದೆ.

## ಹಂತ 6: ಬೇರೆಯವರು ಬರೆದುಕೊಟ್ಟ ಮುರುಕು ನಕ್ಷೆಯನ್ನು ಸರಿಪಡಿಸುವುದು

ಹಳೆಯ ಕಡತದಲ್ಲಿ ಗಡಿ ಬಿಡಿಬಿಡಿ ಗೆರೆಗಳಲ್ಲಿರುತ್ತದೆ. ಲೈನ್ ಆಜ್ಞೆಯಲ್ಲೂ ಸಿ ಕೆಲಸ ಮಾಡುತ್ತದೆ, ಆದರೆ ಸಿಗುವುದು ಒಂದರ ಪಕ್ಕ ಒಂದು ನಿಂತ ಪ್ರತ್ಯೇಕ ಗೆರೆಗಳು. ಒಂದು ಗೆರೆ ಮುಟ್ಟಿದರೆ ಅದೊಂದೇ ಹೊಳೆದರೆ, ಇದೇ ಕಾಯಿಲೆ.

ಚಿಕಿತ್ಸೆಯ ಕ್ರಮ ಹೀಗೆ. ಮೊದಲು ಕಡತದ ಪ್ರತಿ ಇಟ್ಟುಕೊಳ್ಳಿ. ಗಡಿಯ ಲೇಯರ್ ಬಿಟ್ಟು ಉಳಿದವನ್ನು ಮರೆಮಾಡಿ. ಎಲ್ಲ ಗೆರೆ ಆರಿಸಿ ಪ್ರಾಪರ್ಟೀಸ್‌ನಲ್ಲಿ ಆರಂಭ ಮತ್ತು ಅಂತ್ಯದ ಝಡ್ ಬೆಲೆಗಳನ್ನು 0 ಮಾಡಿ. ನಂತರ ಓವರ್‌ಕಿಲ್ ಆಜ್ಞೆಯಿಂದ ಒಂದರ ಮೇಲೊಂದು ಬಿದ್ದ ಗೆರೆಗಳನ್ನು ತೆಗೆಯಿರಿ. ಇಷ್ಟಾದ ಮೇಲೆ ಪಿಎಡಿಟ್: ಆಜ್ಞೆ ಕೊಟ್ಟು ಎಂ ಒತ್ತಿ, ಎಲ್ಲ ಗೆರೆ ಆರಿಸಿ, ಪಾಲಿಲೈನ್ ಮಾಡಬೇಕೇ ಎಂದು ಕೇಳಿದಾಗ ಹೌದೆನ್ನಿ, ಜೆ ಒತ್ತಿ. ಫಝ್ ದೂರ, ಅಂದರೆ ಎಷ್ಟು ಅಂತರದವರೆಗಿನ ತುದಿಗಳನ್ನು ಕೂಡಿಸಬಹುದು ಎಂದು, ಕೇಳುತ್ತದೆ. ಮೊದಲ ಸಲ 0 ಕೊಡಿ. ಎಷ್ಟು ತುಂಡು ಕೂಡಿತು ಎಂದು ಆಜ್ಞೆಯ ಸಾಲು ಹೇಳುತ್ತದೆ. ಪೂರ್ತಿ ಕೂಡದಿದ್ದರೆ ಮಾತ್ರ 0.01, ಅಂದರೆ ಒಂದು ಸೆಂಟಿಮೀಟರ್ ಕೊಟ್ಟು ನೋಡಿ. ನೇರವಾಗಿ 1 ಎಂದು ಕೊಡುವವರಿದ್ದಾರೆ. ಒಂದು ಮೀಟರೊಳಗಿನ ತುದಿಗಳೆಲ್ಲ ಸಿಕ್ಕಸಿಕ್ಕದ್ದಕ್ಕೆ ಅಂಟಿಕೊಂಡು ಗಡಿಯ ಚಿಕ್ಕ ತಿರುವುಗಳೇ ಮಾಯವಾಗುತ್ತವೆ.

ಸಂದು ಎಲ್ಲಿದೆ ಎಂದು ಹುಡುಕಲು ಹ್ಯಾಚ್ ಅನ್ನೇ ಬಳಸಿ. ಒಳಗೆ ಕ್ಲಿಕ್ ಮಾಡಿದಾಗ ಮುಚ್ಚಿದ ಗಡಿ ಸಿಗಲಿಲ್ಲ ಎಂಬ ಸಂದೇಶ ಬಂದರೆ, ಕೂಡದ ತುದಿಗಳ ಮೇಲೆ ಕೆಂಪು ವೃತ್ತಗಳು ಕಾಣಿಸುತ್ತವೆ. ಆ ಜಾಗಗಳಿಗೆ ಹತ್ತಿರ ಹೋಗಿ ಒಂದೊಂದನ್ನೇ ಸರಿಪಡಿಸಿ. ರೀಜೆನ್ (REGEN, ಪರದೆಯನ್ನು ಹೊಸದಾಗಿ ಬರೆಸುವ ಆಜ್ಞೆ) ಕೊಟ್ಟರೆ ವೃತ್ತಗಳು ಹೋಗುತ್ತವೆ. ಹ್ಯಾಚ್‌ನ ಗ್ಯಾಪ್ ಟಾಲರೆನ್ಸ್ (ಲೆಕ್ಕಿಸದೆ ಬಿಡುವ ಸಂದಿನ ಅಳತೆ) ಹೆಚ್ಚಿಸಿ ಬಣ್ಣ ತುಂಬಿಸುವುದನ್ನು ನಾನು ಒಪ್ಪುವುದಿಲ್ಲ. ಬಣ್ಣ ತುಂಬಿದೆ, ಸಂದು ಇದ್ದಲ್ಲೇ ಇದೆ, ಮುಂದೆ ಆ ಕಡತ ತೆರೆಯುವವರಿಗೆ ಅದರ ಸುಳಿವೂ ಇರುವುದಿಲ್ಲ.

ಬೌಂಡರಿ ಆಜ್ಞೆ ಇನ್ನೊಂದು ದಾರಿ. ಒಳಗೆ ಒಂದು ಕ್ಲಿಕ್, ಹೊಸ ಮುಚ್ಚಿದ ಪಾಲಿಲೈನ್ ಸಿದ್ಧ. ಇಡೀ ಆಕೃತಿ ಪರದೆಯಲ್ಲಿ ಕಾಣುವಂತಿಟ್ಟುಕೊಂಡು ಕೊಡಿ. ಹಳೆಯ ಗೆರೆಗಳು ಹಾಗೇ ಕೆಳಗೆ ಉಳಿಯುತ್ತವೆ, ಆದ್ದರಿಂದ ಹೊಸದನ್ನು ಬೇರೆ ಲೇಯರ್‌ಗೆ ಹಾಕಿ.

## ಹಂತ 7: ಹ್ಯಾಚ್‌ಗೂ ಮೊದಲು ಪರೀಕ್ಷೆ

ಆಕೃತಿಯನ್ನು ಮುಟ್ಟಿ ಪ್ರಾಪರ್ಟೀಸ್‌ನಲ್ಲಿ ಕ್ಲೋಸ್ಡ್ ಎದುರು ಯೆಸ್ ಇದೆಯೇ ನೋಡಿ. ಅಲ್ಲೇ ‘ನೋ’ ಎಂದಿರುವುದನ್ನು ಯೆಸ್ ಮಾಡಬಹುದು, ಆದರೆ ತುದಿಗಳ ನಡುವಿನ ಅಂತರ ತಿಳಿಯದೆ ಮಾಡಿದರೆ ಮೇಲೆ ಹೇಳಿದ ಸುಳ್ಳು ಬದಿಯೇ ಬರುತ್ತದೆ.

ಗಡಿ ತನ್ನನ್ನು ತಾನೇ ದಾಟಿದೆಯೇ ಎಂದು ತಿಳಿಯಲು ಗಡಿಯ ಒಂದು ನಕಲಿನ ಮೇಲೆ ರೀಜನ್ (REGION) ಆಜ್ಞೆ ಕೊಡಿ. ದಾಟಿದ್ದರೆ ರೀಜನ್ ಆಗುವುದಿಲ್ಲ. ಎರಡು ಬಿಂದುಗಳ ಕ್ರಮ ಅದಲು ಬದಲಾದರೆ ಗಡಿ ಡಮರುಗದಂತೆ ತಿರುಚಿಕೊಳ್ಳುತ್ತದೆ. ಆಗ ಎರಡು ಕಡೆಯ ಜಾಗಗಳು ಒಂದನ್ನೊಂದು ಕಳೆದು ವಿಸ್ತೀರ್ಣ ನಿಜಕ್ಕಿಂತ ಕಡಿಮೆ ಬರುತ್ತದೆ. ದೊಡ್ಡ ತೋಟದಲ್ಲಿ ಇಂಥ ಗಂಟು ಕಣ್ಣಿಗೆ ಬೀಳುವುದೇ ಇಲ್ಲ.

## ಹಂತ 8: ಒಳಗಿನ ಕೆರೆ, ಪಕ್ಕದ ಪಾಲು

ತೋಟದೊಳಗಿನ ಕೆರೆಯನ್ನೂ ಲೈನ್ ಮನೆಗಳ (ಕಾರ್ಮಿಕರ ಸಾಲುಮನೆಗಳ) ಜಾಗವನ್ನೂ ಪ್ರತ್ಯೇಕ ಮುಚ್ಚಿದ ಪಾಲಿಲೈನ್‌ಗಳಾಗಿ ಬರೆಯಿರಿ. ಏರಿಯಾ ಆಜ್ಞೆಯಲ್ಲಿ ಎ ಒತ್ತಿ ಹೊರಗಡಿ ಸೇರಿಸಿ, ಎಸ್ ಒತ್ತಿ ಒಳಗಿನವನ್ನು ಕಳೆಯಿರಿ. ಎರಡೂ ಸಲ ಒ ಒತ್ತಿ ಆಬ್ಜೆಕ್ಟ್ ಆರಿಸುವುದನ್ನು ಮರೆಯಬೇಡಿ.

ಗದ್ದೆಯನ್ನೂ ಬಾಣೆಯನ್ನೂ (ಗದ್ದೆಗೆ ಹೊಂದಿಕೊಂಡ ಎತ್ತರದ ಜಮೀನು) ಪಾಲು ಮಾಡುವಾಗ ನಡುವಿನ ಗೆರೆ ಇಬ್ಬರಿಗೂ ಸೇರಿದ್ದು. ಒಂದೇ ಗೆರೆಯಲ್ಲಿ ಎರಡು ಪಾಲನ್ನು ಮುಚ್ಚಲು ಆಗದು. ಎರಡೂ ಪಾಲಿಗೆ ತಮ್ಮ ತಮ್ಮ ಮುಚ್ಚಿದ ಆಕೃತಿ ಬೇಕು, ನಡುಗೆರೆಯ ಪ್ರತಿ ಮೂಲೆಯೂ ಎರಡರಲ್ಲೂ ಅದೇ ಬಿಂದುವಿಗೆ ಸ್ನ್ಯಾಪ್ ಆಗಿರಬೇಕು. ಒಂದು ಕಡೆ ಒಂದು ಮೂಲೆ ಬಿಟ್ಟರೂ ಸೀಳಿನಂಥ ಜಾಗ ಯಾರಿಗೂ ಸೇರದೆ ಉಳಿಯುತ್ತದೆ, ಇಲ್ಲವೇ ಇಬ್ಬರಿಗೂ ಸೇರುತ್ತದೆ. ಪಾಲುಗಳ ಮೊತ್ತವನ್ನು ಮೂಲ ಗಡಿಯ ವಿಸ್ತೀರ್ಣದೊಂದಿಗೆ ಮೂರು ದಶಮಾಂಶದವರೆಗೆ ಹೋಲಿಸಿ. ಇದನ್ನು ಮಾಡದೆ ಪಾಲಿನ ನಕ್ಷೆಯನ್ನು ಯಾರ ಕೈಗೂ ಕೊಡಬೇಡಿ.

## ಹಂತ 9: ವಿಸ್ತೀರ್ಣ ನಮೂದಿಸುವುದು

ವಿಸ್ತೀರ್ಣವನ್ನು ಕೈಯಾರೆ ಬೆರಳಚ್ಚಿಸಿದರೆ, ನಾಳೆ ಗಡಿ ತಿದ್ದಿದಾಗ ಹಳೆಯ ಅಂಕೆಯೇ ಉಳಿಯುತ್ತದೆ. ಪಠ್ಯದೊಳಗೆ ಫೀಲ್ಡ್ (ಆಕೃತಿಯಿಂದ ಅಂಕೆಯನ್ನು ತಾನೇ ಓದಿ ತೋರಿಸುವ ಪಠ್ಯ) ಸೇರಿಸಿ, ಆಬ್ಜೆಕ್ಟ್ ಆಗಿ ಗಡಿಯನ್ನು, ಗುಣವಾಗಿ ಏರಿಯಾ ಆರಿಸಿ. ಸೆಂಟಿನಲ್ಲಿ ತೋರಿಸಲು ಪರಿವರ್ತನಾ ಗುಣಕ 0.02471, ಎಕರೆಗೆ 0.0002471. ಗಡಿ ತಿದ್ದಿದ ಮೇಲೆ ರೀಜೆನ್ ಕೊಟ್ಟರೆ ಅಂಕೆ ಹೊಸದಾಗುತ್ತದೆ.

ಅಂಕೆಯ ಜಾಗದಲ್ಲಿ #### ಎಂದು ಬಂದರೆ ಫೀಲ್ಡ್ ನಂಬಿದ್ದ ಆಕೃತಿಯನ್ನು ಯಾರೋ ಅಳಿಸಿದ್ದಾರೆ ಅಥವಾ ಎಕ್ಸ್‌ಪ್ಲೋಡ್ ಮಾಡಿ ಬಿಡಿ ಗೆರೆಗಳಾಗಿ ಒಡೆದಿದ್ದಾರೆ. ಹಂತ 6ಕ್ಕೆ ಹಿಂದಿರುಗಿ ಗಡಿಯನ್ನು ಮತ್ತೆ ಕೂಡಿಸಿ, ಹಂತ 7ರ ಪರೀಕ್ಷೆ ಮುಗಿಸಿ, ಆಮೇಲೆ ಫೀಲ್ಡನ್ನು ಹೊಸ ಆಕೃತಿಗೆ ಜೋಡಿಸಿ.